ಮಾತು ಮುಟ್ಟಿಸುವವಳು

ಶಹಾಬಾದಿನ ಆ ಓಣಿಯಲ್ಲಿ ಸಂಗಮೇಶ್ವರ ಮಾಸ್ತರರ ಸಂಸಾರಕ್ಕೆ ಒಳ್ಳೆಯ ಹೆಸರಿತ್ತು. ಉಮಾದೇವಿ ಗಂಡನ ಹೆಸರು ಹೇಳುವುದಿರಲಿ, ನೇರ ಮಾತನಾಡಿದ್ದನ್ನೂ ಯಾರೂ ಕೇಳಿರಲಿಲ್ಲ. ಏನಿದ್ದರೂ "ನಿಮ್ಮಪ್ಪಗ ಹೇಳವಾ" ಎಂದು ಮಗಳ ಮುಖಾಂತರ. ಎಂಥ ಮರ್ಯಾದಸ್ತ ಹೆಣ್ಣುಮಗಳು ಎಂದು ಜನ ಸೊಸೆಯಂದಿರಿಗೆ ಆಕೆಯನ್ನು ತೋರಿಸುತ್ತಿದ್ದರು.

ಮಾಸ್ತರರು ಮಾತ್ರ ಆ ಹೊಗಳಿಕೆ ಕೇಳಿದಾಗಲೆಲ್ಲ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಹಿಂದೊಮ್ಮೆ ಹೆಂಡತಿಯ ತವರೂರು ಕೊಡ್ಲಿಯಿಂದ ಮಾವನಿಗೆ ಸೀರಿಯಸ್ ಎಂದು ಫೋನು ಬಂದಾಗ, ಶಾಲೆಯ ಪರೀಕ್ಷೆ ಮುಗಿಯಲಿ ಎಂದು ತಡಮಾಡಿದವರು ಅವರೇ. ಹೋಗಿ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಅಂದು ನಿಂತ ಮಾತು ಮತ್ತೆ ಶುರುವಾಗಲಿಲ್ಲ. ಮಗಳು ದಾನೇಶ್ವರಿ ಆಗ ಶಾಲೆಯಲ್ಲಿ ಒಂದನೇ ಇಯತ್ತೆ.

"ಉಂಡ್ರ ಉಣ್ಣಲಿ, ಬಿಟ್ರ ಬಿಡ್ಲಿ ಅಂತ ಹೇಳು" ಎಂದು ಒಳಗಿನಿಂದ ಕೇಳುತ್ತಿತ್ತು. ಹುಡುಗಿ ಹೊರಗೆ ಬಂದು, "ಅಪ್ಪಾ, ಅವ್ವ ಊಟಕ್ಕ ಕರ್ಯಾಕತ್ತಾಳ" ಎನ್ನುತ್ತಿದ್ದಳು. ಗೋಡೆ ತೆಳು. ಮಾಸ್ತರರಿಗೆ ಎರಡೂ ಕೇಳುತ್ತಿತ್ತು. ಮಗಳು ಜಾಣೆ ಎಂದು ಹೆಮ್ಮೆಪಟ್ಟಿದ್ದರು ಕೂಡ, ಆಕೆ ಬಿ.ಎಡ್. ಮುಗಿಸಿ, ಬಂದ ವರಗಳನ್ನೆಲ್ಲ ಬೇಡ ಎನ್ನುವವರೆಗೆ. ಯಾಕೆ ಎಂದು ಕೇಳಿದರೆ, "ನಾ ಹೋದ್ರ ನಿಮ್ಮಿಬ್ಬರ ನಡುವ ಯಾರಪ್ಪಾ?" ಎಂದಿದ್ದಳು. ಅಂದಿನಿಂದ ಅವರಿಗೆ ನಿದ್ದೆ ಕಡಿಮೆಯಾಗಿತ್ತು.

ಭಾನುವಾರ ಸೇಡಂನಿಂದ ಗುರುದೇವಿ ತಮ್ಮ ಮಗ ಶಾಂತಕುಮಾರನನ್ನು ಕರೆದುಕೊಂಡು ಕನ್ಯೆ ನೋಡಲು ಬಂದರು. ಮಂಡಕ್ಕಿಯ ಸುಸಲಾ ತಿನ್ನುತ್ತ ಗುರುದೇವಿ, "ನಿಮ್ಮ ಮನ್ಯಾಗ ಎತ್ತರದ ದನೀನೇ ಇಲ್ಲಂತರಿ. ಅದಕ್ಕೇ ಬಂದೀವಿ. ನಮಗ ಹುಡುಗಿ ಪಸಂದ. ಮನಿಯವ್ರನ್ನ ಒಂದ್ಮಾತು ಕೇಳ್ರಿ" ಎಂದರು.

ಇಂದು ತಾವೇ ಮಾತನಾಡಬೇಕು ಎಂದು ಮಾಸ್ತರರು ಗಟ್ಟಿ ಮಾಡಿಕೊಂಡಿದ್ದರು. ಬಾಯಿ ತೆರೆದರು. "ದಾನೇಶ್ವರಿ, ಈ ಸಂಬಂಧ ಹೆಂಗ ಅನಸ್ತದ ಅಂತ ನಿಮ್ಮವ್ವನ್ನ ಕೇಳವಾ."

ಕನ್ಯೆಯ ಕೈಯಲ್ಲೇ ತಾಯಿಯ ಒಪ್ಪಿಗೆ ಕೇಳಿಸಿದ್ದಕ್ಕೆ ಬೀಗರು ಬಿದ್ದು ಬಿದ್ದು ನಕ್ಕರು. ದಾನೇಶ್ವರಿ ನಗಲಿಲ್ಲ. ತಾಯಿ ಎರಡು ಮಾರು ದೂರದಲ್ಲಿ ಬಾಗಿಲಿಗೆ ಆತು ನಿಂತಿದ್ದಳು. ಮಗಳು ಆ ಕಡೆ ತಿರುಗಲೇ ಇಲ್ಲ. ತಲೆ ಬಗ್ಗಿಸಿ ಕುಳಿತೇ ಇದ್ದಳು.

ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. ಕೊನೆಗೆ ಬಾಗಿಲ ಕಡೆ ನೋಡಿ, "ಏನಂತಿ?" ಎಂದರು.

"ಈಗ ಬಂತೇನ್ರಿ ಬಾಯಿ?" ಎಂದಳು ಉಮಾದೇವಿ.

"ಅಯ್ಯ, ಎಷ್ಟ್ ಚಂದ ಚಾಷ್ಟಿ ಮಾಡ್ತಾರ!" ಎಂದು ಗುರುದೇವಿ ನಗುತ್ತಲೇ ಕಣ್ಣೊರೆಸಿಕೊಂಡರು.

"ನಮ್ಮಪ್ಪನ ಮುಖಾನೂ ನೋಡ್ಲಿಕ್ಕೆ ಬಿಡಲಿಲ್ಲ ಇವ್ರು. ಇವತ್ತ ನನ್ನ ಕೇಳಾಕತ್ತಾರ" ಎಂದಳು ಉಮಾದೇವಿ.

ಈ ಸಲ ನಗು ಅರ್ಧಕ್ಕೆ ನಿಂತಿತು. ಮಾಸ್ತರರಿಗೆ ಸಂಬಂಧ ಕೈಬಿಟ್ಟು ಹೋದದ್ದು ಕಂಡೇಬಿಟ್ಟಿತು. ಹೋದದ್ದು ಹೋಯಿತು ಎಂದು, "ತಪ್ಪಾತು" ಎಂದರು. ಯಾರನ್ನೂ ನಡುವೆ ಇಡದೆ, ನೆಟ್ಟಗೆ ಹೆಂಡತಿಗೆ.

ಉಮಾದೇವಿ ಸೆರಗಿನಿಂದ ಮೂಗು ಒರೆಸಿಕೊಂಡು, "ಅಕೀನ ಕೇಳ್ರಿ. ಬಾಳುವಾಕಿ ಅಕಿ" ಎಂದಳು.

ದಾನೇಶ್ವರಿ ಆಗ ತಲೆಯೆತ್ತಿ ಮೊದಲ ಸಲ ಹುಡುಗನನ್ನು ನೋಡಿದಳು. "ನಿಮಗ ಸಿಟ್ಟು ಬಂದ್ರ ಏನ್ ಮಾಡ್ತೀರಿ?"

ಶಾಂತಕುಮಾರ ತಾಯಿಯ ಕಡೆ ಅಂಜಿಕೆಯಿಂದ ನೋಡಿದ. "ಭಾಳ ಒದರಾಡ್ತೀನ್ರಿ. ಓಣಿಗೆಲ್ಲ ಕೇಳಸ್ತದ."

"ಹಂಗಾರ ನನಗ ಒಪ್ಪಿಗಿ ಅದ" ಎಂದಳು ದಾನೇಶ್ವರಿ.