ಹೊಳ್ಳಿ ಬಾರದ ರೋಗಿಗಳು

ಡಾಕ್ಟರ್ ಆದಪ್ಪನವರು ಬರೆದದ್ದು ಒಂದೇ ಲೇಖನ. ಅದು ಮುಂಬಯಿಯ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅಚ್ಚಾಗಿ, ದೊಡ್ಡ ಪ್ರಾಧ್ಯಾಪಕರೆಲ್ಲ ತಮ್ಮ ಬರಹಗಳಲ್ಲಿ ಅವರ ಹೆಸರು ಎತ್ತತೊಡಗಿದಾಗ, ಲಿಂಗಸುಗೂರಿನಲ್ಲಿ ಕೂತು ಇಷ್ಟಾದರೂ ಮಾಡಿದೆನಲ್ಲ ಎಂದು ಎದೆಯುಬ್ಬಿತ್ತು. ಮುದುಕರಿಗೆ ಬರುವ ಪ್ರಾಸ್ಟೇಟ್ ಕ್ಯಾನ್ಸರಿಗೆ ವೃಷಣ ತೆಗೆಯುವ ಶಸ್ತ್ರಚಿಕಿತ್ಸೆ ಈ ಸೀಮೆಯಲ್ಲಿ ಫಲ ಕೊಡಲಿಲ್ಲ, ಹೆಚ್ಚಿನವರು ವರ್ಷದೊಳಗೇ ತೀರಿಕೊಂಡರು ಎಂಬುದು ಅದರ ಸಾರ. ಎಲ್ಲರೂ ಅದನ್ನೇ ಎತ್ತಿ ಹೇಳಿದರು. ಕೊನೆಗೆ ಅದು ಅವರ ಕೊರಳಿಗೇ ಸುತ್ತಿಕೊಂಡಿತು.

ವ್ಯಾಪಾರಸ್ಥರು ಕಟ್ಟಿಸಿದ ಧರ್ಮದ ದವಾಖಾನೆಯಲ್ಲಿ ಅವರ ನೌಕರಿ. ಒಂದು ದಿನ ಅದನ್ನು ನಡೆಸುವ ಕಮಿಟಿಯವರು ಕರೆಸಿ, "ಉಪಯೋಗಿಲ್ಲಂತ ನೀವ ಬರದೀರಿ, ಮುಂಬಯಿಯವರೂ ಒಪ್ಪ್ಯಾರ. ಇನ್ನ ಆ ಆಪರೇಶನ್ ಬಂದ್ ಮಾಡ್ರಿ ಸಾಹೇಬ್ರ" ಎಂದರು. ತಾನೇ ಬರೆದದ್ದಕ್ಕೆ ಇಲ್ಲವೆನ್ನುವುದು ಹೇಗೆ? ತಲೆಯಾಡಿಸಿ ಬಂದರು.

ಆಗ ವಾರ್ಡಿನಲ್ಲಿ ಗುರುಗುಂಟಾದ ಬಸ್ಸಪ್ಪ ಮಲಗಿದ್ದ. ರೋಗ ಸೊಂಟದ ಎಲುಬಿಗೆ ಇಳಿದಿತ್ತು. ಮಗ್ಗುಲು ಹೊರಳಲೂ ಹೆಂಡತಿ ಗಾಳೆಮ್ಮನ ಕೈ ಬೇಕಿತ್ತು. ಆಪರೇಶನ್ ಮಾಡುವುದಿಲ್ಲ, ಮಾಡಿದರೂ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದಾಗ ಅವಳು ಅಳಲಿಲ್ಲ, ಸಿಟ್ಟಾದಳು.

"ಮಸ್ಕಿ ಗ್ಯಾನಪ್ಪಗ ಮಾಡೀರಲ್ರಿ? ಅಂವ ಉಳದಾನಲ್ಲ?"

"ಅಂವ ಸತ್ತು ಭಾಳ ದಿನ ಆತವ್ವ."

"ಅಯ್ಯ! ಮಸ್ಕಿ ನನ್ನ ತವರುಮನಿರಿ. ಮೊನ್ನೆ ಕಾಲುವಿ ದಂಡ್ಯಾಗ ಕುರಿ ಮೇಸಾಕತ್ತಿದ್ದ."

ಆದಪ್ಪನವರು ಮರುದಿನವೇ ಮಸ್ಕಿಯ ಬಸ್ಸು ಹತ್ತಿದರು. ಕಾಲುವೆಯ ಏರಿಯ ಮೇಲೆ ಕಂಬಳಿ ಹೊದ್ದು ನಿಂತಿದ್ದ ಗ್ಯಾನಪ್ಪ ಅವರನ್ನು ನೋಡಿದ್ದೇ ನಾಲ್ಕು ಹೆಜ್ಜೆ ಹಿಂದೆ ಸರಿದ.

"ಮುಟ್ಟಬ್ಯಾಡ್ರಿ ಸಾಹೇಬ್ರ. ನಾ ನೆಟ್ಟಗದೀನಿ."

"ಮತ್ತ ಒಮ್ಮೆರ ಬಂದು ತೋರಿಸಬಾರದೇನೋ?"

"ನೆಟ್ಟಗಾದ ಮ್ಯಾಲೆ ದವಾಖಾನಿ ಹೊಸ್ತಿಲ ತುಳದ್ರ ಬ್ಯಾನಿ ಬೆನ್ನತ್ತಿ ಬರತೈತ್ರಿ. ನಿಮಗ ಗೊತ್ತಿಲ್ಲೇನು? ನಿಮ್ಮ ಕಡೆನ ಆಪರೇಶನ್ ಮಾಡಿಸ್ಕೊಂಡ ಮುದಗಲ್ಲಿನ ಅಲ್ಲಾಬಕ್ಷನೂ ಹಿಂಗ ಅಂತಾನ. ಅಂವನೂ ಗಟ್ಟಿಮುಟ್ಟ ಅದಾನ."

ಗೊತ್ತಿಲ್ಲದೆ ಏನು! ಆದಪ್ಪನವರು ಇದೇ ಸೀಮೆಯ ಮಗ. ಅವರ ತಾಯಿಯೂ ವಾಸಿಯಾದ ಮೇಲೆ ಹಕೀಮನ ಓಣಿಯನ್ನೇ ಬಿಟ್ಟು ಸುತ್ತಿ ಬರುತ್ತಿದ್ದಳು. ಆದರೆ ಇಂಗ್ಲಿಷಿನಲ್ಲಿ ಲೇಖನ ಬರೆಯುವಾಗ ತಾಯಿ ನೆನಪಾಗಲಿಲ್ಲ. ವರ್ಷದೊಳಗೆ ಮರಳಿ ಬಂದು ತೋರಿಸಿಕೊಳ್ಳದವರನ್ನು ಸತ್ತವರ ಲೆಕ್ಕಕ್ಕೆ ಸೇರಿಸುವುದು ಪತ್ರಿಕೆಯವರ ರೂಢಿ, ಅವರೂ ಕಣ್ಣುಮುಚ್ಚಿ ಸೇರಿಸಿದ್ದರು. ವಾಸಿಯಾದವರೆಲ್ಲ ಹಾಗೆ ಕಾಗದದ ಮೇಲೆ ಸತ್ತಿದ್ದರು. ನಾಚಿಕೆಯಿಂದ ಅವರಿಗೆ ನೀರು ಕುಡಿಯುವುದೂ ಬೇಡವಾಯಿತು.

ಊರಿಗೆ ಬಂದವರೇ ಕಮಿಟಿಯನ್ನು ಕೇಳದೆ ಬಸ್ಸಪ್ಪನಿಗೆ ಆಪರೇಶನ್ ಮಾಡಿದರು. ಕೆಲವೇ ದಿನಗಳಲ್ಲಿ ಅವನ ಸೊಂಟದ ನೋವು ಇಳಿಯಿತು, ಗೋಡೆ ಹಿಡಿದು ಎದ್ದು ನಿಂತ. ಕಮಿಟಿಯವರು ಕೆಂಡವಾದರು. ಪತ್ರಿಕೆಯಲ್ಲಿ ತಿದ್ದುಪಡಿ ಬಂದರೆ ಆಪರೇಶನ್ ಮಾಡಲು ಬಿಡುತ್ತೇವೆ, ಇಲ್ಲದಿದ್ದರೆ ಇದೇ ಕೊನೆ, ಮತ್ತೆ ಮಾಡಿದರೆ ಕೆಲಸ ಹೋದೀತು ಎಂದರು. ತಿದ್ದುಪಡಿ ಬೇಕೆಂದು ಕೇಳಿದರೆ ಪತ್ರಿಕೆಯವರದು ಒಂದೇ ಮಾತು: ರೋಗಿಯನ್ನು ವರ್ಷದ ಮೇಲೆ ಪರೀಕ್ಷಿಸಿದ ದಾಖಲೆ ಬೇಕು, ಕಾಲುವೆಯ ಮೇಲೆ ಕಂಡೆ ಎಂದರೆ ಸಾಲದು. ಗ್ಯಾನಪ್ಪ ಹತ್ತಿರ ಸೇರಿಸಲಿಲ್ಲ. ಅಲ್ಲಾಬಕ್ಷ ಮನೆಯಲ್ಲಿದ್ದೂ ಇಲ್ಲವೆನಿಸಿದ. ಉಳಿದವನು ಬಸ್ಸಪ್ಪ. ದವಾಖಾನೆ ಬಿಡುವಾಗ ವರ್ಷಕ್ಕೆ ಬಂದು ತೋರಿಸುತ್ತೇನೆಂದು ಕೈಮೇಲೆ ಕೈಯಿಟ್ಟು ಹೇಳಿಹೋಗಿದ್ದ. ವರ್ಷ ತುಂಬಿತು, ಅವನು ಬರಲಿಲ್ಲ.

ಇನ್ನೊಬ್ಬ ಮುದುಕ ಅದೇ ರೋಗದಿಂದ ವಾರ್ಡಿನಲ್ಲಿ ನರಳುತ್ತಿದ್ದ. ಆದಪ್ಪನವರಿಗೆ ಸಾಕುಸಾಕಾಗಿತ್ತು. ಆದರೂ ಚೀಲ ಹಿಡಿದು ಗುರುಗುಂಟಾಕ್ಕೆ ಹೊರಟರು.

ಬಸ್ಸಪ್ಪ ಮನೆಯ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ. ಚೀಲ ಕಂಡದ್ದೇ ತಡ, ಹಗ್ಗ ಬಿಸಾಕಿ ಹಿತ್ತಲಿನಿಂದ ಜೋಳದ ಹೊಲಕ್ಕೆ ನುಗ್ಗಿದ. ಗಾಳೆಮ್ಮ ಬಾಗಿಲಿಗೆ ಅಡ್ಡ ನಿಂತು ಕೈಮುಗಿದಳು.

"ನೀವು ನಮ್ಮ ಪಾಲಿನ ದೇವ್ರು. ಆದ್ರ ಹೊಳ್ಳಿ ಹೋಗ್ರಿ."

"ಒಂದ್ಸಲ ನೋಡಿ, ನೆಟ್ಟಗದಾನಂತ ಬರಕೊಂಡು ಹೋಗ್ತೀನವ್ವ. ಅಲ್ಲಿ ಇನ್ನೊಬ್ಬಾಂವ ಬಿದ್ದಾನ."

"ಬರೀಬ್ಯಾಡ್ರಿ ಯಪ್ಪ. ಬರದ್ರ ಬ್ಯಾನಿಗೆ ನಮ್ಮ ಮನಿ ದಾರಿ ತಿಳಿತೈತಿ."

ಡಾಕ್ಟರಿಗೆ ಸಿಟ್ಟು ಬಂತು, ಬೈಯಬೇಕೆನಿಸಿತು. ಅವಳ ಹೆಗಲ ಮೇಲಿಂದ ಹೊಲದ ಕಡೆ ನೋಡಿದರು. ಹೊರಳಲೂ ಆಗದಿದ್ದವನು ಬದು ಹಾರಿ ಓಡುತ್ತಿದ್ದ. ಸೊಂಟ ಹಿಡಿದುಕೊಂಡಿರಲಿಲ್ಲ, ತಿರುಗಿಯೂ ನೋಡಲಿಲ್ಲ. ಅವರಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಮುಂಬಯಿಯ ಲೆಕ್ಕದಲ್ಲಿ ಇವನೂ ಇವತ್ತಿಗೆ ಸತ್ತ. ತಿದ್ದುಪಡಿ ಇನ್ನು ಬರುವುದಿಲ್ಲ. ವಾರ್ಡಿನಲ್ಲಿರುವವನಿಗೆ ನಾಳೆ ಕದ್ದೇ ಆಪರೇಶನ್ ಮಾಡಬೇಕು, ಕೆಲಸ ಹೋದರೆ ಹೋಗಲಿ.

ಬಾಯಿಗೆ ಕೈ ಅಡ್ಡ ಹಿಡಿದು ಜೋರಾಗಿ ಕೂಗಿದರು: "ಬಸ್ಸಪ್ಪ, ಸಾವಕಾಶ ಹೋಗೋ, ಬಿದ್ದೀ! ನಾ ಹೊಂಟೆ!"