ಟಬ್ಬು ಏನು ಹೇಳುತ್ತಿದೆ

ಲಿಫ್ಟು ರಿಪೇರಿ ಮಾಡಿ ಹೊಟ್ಟೆ ಹೊರೆಯುವವಳಿಗೆ ಒಂದು ಬಿಸಿನೀರಿನ ಟಬ್ಬು ಯಾವ ಲೆಕ್ಕ ಎಂದುಕೊಂಡಿದ್ದಳು ಸೊಸೆ. ಈಗ ಅದೇ ಟಬ್ಬು ಅವಳಿಗೆ ನೀರು ಕುಡಿಸುತ್ತಿತ್ತು.

ಟಬ್ಬು ಅತ್ತೆಯದು. ಮಂಡಿ ಮರಗಟ್ಟಿದ ಅತ್ತೆ ಬೆಳಿಗ್ಗೆ ಅದರಲ್ಲಿ ಕೂತೆದ್ದರೆ ಮಾತ್ರ ಯಾರ ಕೈಯೂ ಹಿಡಿಯದೆ ಮನೆಯೆಲ್ಲ ಓಡಾಡುತ್ತಿದ್ದರು. ಉಳಿದವರಿಗೆ ಅದು ಮುಚ್ಚಳ ಹಾಕಿದ ಮೇಜು, ಒಗೆದ ಬಟ್ಟೆ ಗುಡ್ಡೆ ಹಾಕುವ ಜಾಗ. ನೀರಿನ ಬಿಸಿ ತೋರಿಸುವ ಅದರ ಅಂಕಿಗಳನ್ನು ಯಾರೂ ಕಣ್ಣೆತ್ತಿ ನೋಡಿದವರಲ್ಲ. ಹೋದ ತಿಂಗಳು ಗುಂಡಿಗಳಿರುವ ಪ್ಯಾನೆಲ್ಲಿಗೆ ಹಬೆ ನುಗ್ಗಿ ಅಂಕಿಗಳು ಆರಿಹೋದವು, ಜಪ್ಪಯ್ಯ ಅಂದರೂ ನೀರು ಕಾಯಲಿಲ್ಲ. ಅಂಥ ಪ್ಯಾನೆಲ್ಲು ಮಾಡುವುದನ್ನೇ ಕಂಪನಿ ನಿಲ್ಲಿಸಿಬಿಟ್ಟಿತ್ತು. ಅತ್ತೆ ಮೊದಮೊದಲು ಗೋಡೆ ಹಿಡಿದು ನಡೆದರು. ಈಗ ಕುರ್ಚಿಯೇ ಗತಿ.

ಹಾಗಾಗಿ ಸೊಸೆಯೇ ಹೊಸ ಪ್ಯಾನೆಲ್ಲು ಮಾಡಲು ಕೂತಳು. ಪ್ಯಾನೆಲ್ಲಿಗೂ ಟಬ್ಬಿನ ಹೊಟ್ಟೆಯಲ್ಲಿದ್ದ ದೊಡ್ಡ ಬೋರ್ಡಿಗೂ ನಡುವೆ ನಾಲ್ಕು ತಂತಿ. ಎರಡು ಕರೆಂಟಿಗೆ, ಎರಡು ಮಾತಿಗೆ. ಆ ಮಾತನ್ನು ಕದ್ದು ಕೇಳಲು ತಂತಿಗೆ ಕ್ಲಿಪ್ಪು ಸಿಕ್ಕಿಸಿ ಲ್ಯಾಪ್‌ಟಾಪಿಗೆ ಜೋಡಿಸಿದಳು. ಪರದೆಯ ಮೇಲೆ ಏರಿ ಇಳಿಯುವ ಗೆರೆಗಳ ಸಾಲು ಬಂತು. ಹಳೆಯ ಪ್ಯಾನೆಲ್ಲಿನ ತಾಮ್ರದ ಜಾಡು ಹಿಡಿದು, ಗೆರೆಯ ಯಾವ ಏರಿಗೆ ಅಂಕಿ ಮೂಡಿಸುವ ಯಾವ ದೀಪದ ಕಡ್ಡಿ ಉರಿಯಬೇಕೆಂದು ಪತ್ತೆಹಚ್ಚಿದಳು. ಅಂಕಿ ಬರುತ್ತದೆಂದು ಕಾದರೆ ಬಂದದ್ದು ಇಂಗ್ಲಿಷಿನ ಎಲ್, ಪಕ್ಕದಲ್ಲಿ ಇ. ತಂತಿ ಬದಲಿಸಿದಳು. ಎಲ್, ಇ. ಎಲ್ಲವನ್ನೂ ಕಿತ್ತು ಮೊದಲಿಂದ ಜೋಡಿಸಿದಳು. ಹಾಳಾದ್ದು, ಮತ್ತೆ ಅದೇ ರಾಗ ಅದೇ ಹಾಡು.

ಟಬ್ಬು ಮಾರಿದ ಅಂಗಡಿಯವನಿಗೆ ಫೋನು ಮಾಡಿದರೆ, ಪುಣ್ಯಾತ್ಮ ಬಂದು ನೋಡದೆಯೇ ಅದು ಬೋರ್ಡು ಸುಟ್ಟ ಸೂಚನೆ, ಹೊಸ ಟಬ್ಬು ತಗೊಳ್ಳಿ ಎಂದ. ಗಂಡನಿಗೆ ಅಷ್ಟೇ ಸಾಕಾಯಿತು. ನಾಳೆ ಬೆಳಿಗ್ಗೆಯೇ ಟಬ್ಬು ಹೊತ್ತೊಯ್ಯಲು ಗುಜರಿಯವನಿಗೆ ಹೇಳಿಬಿಟ್ಟ. ನೀರು ಕಾಯಿಸುವ ಗುಂಡಿಯ ಸಂಕೇತ ಆಗಲೇ ಸಿಕ್ಕಿದೆ, ಇನ್ನೆರಡು ದಿನ ಕೊಡಿ ಎಂದು ಅವಳು ಬೇಡಿಕೊಂಡಳು.

"ಸುಟ್ಟ ಬೋರ್ಡು ಕಾಯಿಸಿದ ನೀರಿಗೆ ಅಮ್ಮನ್ನ ಇಳಿಸ್ತೀಯಾ?" ಎಂದ ಗಂಡ.

ಅವಳು ಸಿಡುಕುತ್ತಾ ಹೋಗಿ ಮತ್ತೆ ತಂತಿಗೆ ಕ್ಲಿಪ್ಪು ಸಿಕ್ಕಿಸಿದಳು.

ಮಧ್ಯಾಹ್ನ ಊಟದ ಮೇಜಿನ ಈಚೆ ಅವಳು, ಆಚೆ ಬಟಾಣಿ ಸುಲಿಯುತ್ತಾ ಅತ್ತೆ. ಒಂದು ಸಲ ಆರಿಸಿ ಹಚ್ಚಿ ನೋಡು ಎಂದು ಅತ್ತೆ ಎಷ್ಟನೆಯ ಸಲವೋ ಸಲಹೆ ಕೊಟ್ಟರು. ಸೊಸೆ ಹಲ್ಲು ಕಚ್ಚಿಕೊಂಡು, ಕಡ್ಡಿ ಜೋಡಿಸಿದಂತೆ ದೊಡ್ಡದಾಗಿ ಎಲ್, ಇ ಬರೆದಳು. ಒತ್ತಿದ ರಭಸಕ್ಕೆ ಪೆನ್ಸಿಲ್ಲಿನ ಮೊನೆ ಮುರಿಯಿತು. ಕಾಗದವನ್ನು ಮೇಜಿನ ನಡುವಿಗೆ ತಳ್ಳಿದಳು.

ಅತ್ತೆ ಬಗ್ಗಿ ನೋಡಿದರು. "ಮೂವತ್ತೇಳು. ಸರಿಯಾಗೇ ಇದೆಯಲ್ಲ, ನಾನು ಯಾವಾಗ್ಲೂ ಇಡೋದು ಅಷ್ಟೇ."

ಅದು ಅಂಕಿಯೇ ಅಲ್ಲ ಅತ್ತೆ, ಎಂದು ರೇಗುತ್ತಲೇ ಸೊಸೆ ಮೇಜು ಸುತ್ತಿ ಅತ್ತೆಯ ಬೆನ್ನ ಹಿಂದೆ ಬಂದು ನಿಂತಳು. ಮೂವತ್ತೇಳು. ತಲೆಕೆಳಗಾದ ಇ ಮೂರಾಗಿತ್ತು, ಎಲ್ ಏಳಾಗಿತ್ತು; ಕಾಗದವನ್ನು ಸುಮ್ಮನೆ ತಿರುಗಿಸಿ ಹಿಡಿದಿದ್ದರೂ ಕಾಣುತ್ತಿತ್ತು.

ಆದದ್ದಿಷ್ಟೇ. ಟಬ್ಬು ತಂದ ದಿನವೇ ಒಳಗೆ ಕೂತರೆ ಅಂಕಿ ತಲೆಕೆಳಗಾಗಿ ಕಾಣುತ್ತದೆಂದು ಅತ್ತೆ ಜಗಳ ತೆಗೆದಿದ್ದರಂತೆ. ಇದೇ ಅಂಗಡಿಯವನು ಎರಡು ಗುಂಡಿ ಒಟ್ಟಿಗೆ ಒತ್ತಿ, ಒಳಗಿನವರಿಗೆ ನೆಟ್ಟಗೆ ಕಾಣುವಂತೆ ಮಾಡಿ ಹೋಗಿದ್ದನಂತೆ. ಅಂದಿನಿಂದ ಬೋರ್ಡು ಅಂಕಿಗಳನ್ನು ತಿರುಗಿಸಿಯೇ ಕಳಿಸುತ್ತಿತ್ತು, ಅದಕ್ಕೆ ಏನೂ ಆಗಿರಲಿಲ್ಲ.

"ನೀರಲ್ಲಿ ಕೂರೋಳು ನಾನು ತಾನೇ?" ಎಂದರು ಅತ್ತೆ, ಬಟಾಣಿ ಸುಲಿಯುತ್ತಾ.

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯಿತು. ನಗು ಬರಬೇಕಿತ್ತು; ಬಂದದ್ದು ಸಿಟ್ಟು. ಅಂಗಡಿಯವನ ಮೇಲೆ, ಗಂಡನ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ತನ್ನ ಮೇಲೆ. ತಂತಿಗಳನ್ನೆಲ್ಲ ಮಾತಾಡಿಸಿದವಳು ಎದುರಿಗೇ ಕೂತ ಹೆಂಗಸನ್ನು ಒಂದು ಮಾತು ಕೇಳಿರಲಿಲ್ಲ. ಆ ಸಿಟ್ಟಿನಲ್ಲೇ ಸಂಜೆಯೊಳಗೆ ಹೊಸ ಪ್ಯಾನೆಲ್ಲು ಜೋಡಿಸಿದಳು. ಗಂಡನ ಜೊತೆ ಮಾತೇ ಆಡಲಿಲ್ಲ.

ಬೆಳಿಗ್ಗೆ ಜ್ವರ ನೋಡುವ ಥರ್ಮಾಮೀಟರು ಅದ್ದಿ, ತನ್ನ ಕೈಯನ್ನೂ ಅದ್ದಿ, ಮೂವತ್ತೇಳಕ್ಕೆ ಬಿಸಿ ನಿಂತದ್ದು ಖಾತ್ರಿಯಾದ ಮೇಲೆ ಅತ್ತೆಯನ್ನು ನೈಟಿಯಲ್ಲೇ ಮೆಲ್ಲಗೆ ಇಳಿಸಿದಳು. ಅತ್ತೆ ಉಸ್ಸೆಂದು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ನೀರಿನೊಳಗೆ ಮಂಡಿ ತಾನಾಗಿ ಮಡಿಚಿಕೊಂಡಿತು.

ಹೊರಗೆ ಗುಜರಿ ಗಾಡಿಯ ಹಾರನ್ನು ಕೇಳಿಸಿತು. ಗಂಡ ದಾಪುಗಾಲು ಹಾಕಿ ಬಂದು ಟಬ್ಬಿನ ಅಂಚಿನಲ್ಲಿ ನಿಂತು ಪ್ಯಾನೆಲ್ಲಿಗೆ ಬಗ್ಗಿದ.

"ಇನ್ನೂ ಎಲ್ ಇ ಅಂತಾನೇ ತೋರಿಸ್ತಿದೆಯಲ್ಲೇ. ಗಾಡಿ ಬಂದು ನಿಂತಿದೆ, ಏನು ಹೇಳ್ಲಿ ಅವನಿಗೆ?"

ಸೊಸೆ ಬಾಯಿ ತೆರೆಯುವಷ್ಟರಲ್ಲಿ ಅತ್ತೆ, ಮುಚ್ಚಿದ ಕಣ್ಣು ಮುಚ್ಚಿದಂತೆಯೇ, ಹೇಳಿದರು:

"ಒಳಗಿಳಿದು ನೋಡೋ."