ಮೂವತ್ತರ ಗೆರೆ

ಅಣ್ಣನ ಬಲಗಾಲೇ ಆ ಅಂಗಡಿಯ ತಕ್ಕಡಿಯಾಗಿತ್ತು.

ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುವವರ ಸ್ಟಿಯರಿಂಗ್, ಪೆಡಲ್, ಗೇರ್ ಲಿವರ್‌ಗಳನ್ನು ರಿಪೇರಿ ಮಾಡುವ ಅಂಗಡಿ ಅದು. ಅಣ್ಣ, ತಮ್ಮ ಇಬ್ಬರದೇ. ಅವು ಆಟಿಕೆ ಸಾಮಾನು ಎಂದು ಯಾರಾದರೂ ಮೂಗು ಮುರಿದರೆ ಅಣ್ಣ ಅವರನ್ನು ಸೀಟಿನಲ್ಲಿ ಕೂರಿಸಿ ಬ್ರೇಕ್ ಒತ್ತಿಸುತ್ತಿದ್ದ. ಒಳ್ಳೆಯ ಬ್ರೇಕ್ ಪೆಡಲ್ ತಾನು ಎಷ್ಟು ಕೆಳಗೆ ಹೋದೆ ಎಂದು ನೋಡುವುದಿಲ್ಲ. ತನ್ನ ಮೇಲೆ ಎಷ್ಟು ಭಾರ ಬಿತ್ತು ಎಂದು ನೋಡುತ್ತದೆ. ಅದರ ಬುಡದಲ್ಲಿ ಹೆಬ್ಬೆರಳಿನ ಗಾತ್ರದ ಒಂದು ಲೋಹದ ತುಂಡು ಇರುತ್ತದೆ, ಲೋಡ್ ಸೆಲ್. ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯೊಳಗೆ ಇರುವಂಥದೇ. ಕಾಲಿನ ಭಾರ ಪರದೆಯ ಮೇಲೆ ಕಿಲೋ ಲೆಕ್ಕದಲ್ಲಿ ಏಳುತ್ತದೆ.

ಬೆವರಿಗೆ ಸಿಪ್ಪೆ ಎದ್ದ ಸ್ಟಿಯರಿಂಗ್, ಹಲ್ಲು ಸವೆದ ಬೆಲ್ಟ್, ಒತ್ತಿದರೆ ಕ್ಲಿಕ್ ಎನ್ನದ ಗೇರ್ ಸ್ವಿಚ್ಚು, ಸೋತ ಸಿಟ್ಟಿಗೆ ಒದ್ದು ಮುರಿದ ಪೆಡಲ್: ಬರುತ್ತಿದ್ದುದು ಇಂಥವೇ. ಒದ್ದವರು ಒದ್ದೆವೆಂದು ಒಪ್ಪಿಕೊಳ್ಳುತ್ತಿರಲಿಲ್ಲ, ತಾನಾಗಿ ಮುರಿಯಿತು ಎನ್ನುತ್ತಿದ್ದರು. ಅಣ್ಣ ಬಿರುಕನ್ನು ಬೆಳಕಿಗೆ ಹಿಡಿದು, "ಹೌದು ಪಾಪ, ತಾನಾಗೇ ಮುರಿದಿದೆ. ಎಷ್ಟನೇ ಲ್ಯಾಪಲ್ಲಿ?" ಎಂದು ಕೇಳುತ್ತಿದ್ದ. ತಮ್ಮ ಬೆಸುಗೆ ಹಾಕುವವನು, ಅಣ್ಣ ಪರೀಕ್ಷಿಸುವವನು. ಯಾವ ಪೆಡಲ್ ಆದರೂ ಅಂಗಡಿ ಬಿಡುವ ಮುಂಚೆ ಅಣ್ಣ ಅದನ್ನು ಪೂರ್ತಿ ಒತ್ತಬೇಕು, ಪರದೆ ಎಪ್ಪತ್ತು ತೋರಿಸಬೇಕು. ಹನ್ನೊಂದು ವರ್ಷ ಅದು ಎಪ್ಪತ್ತನ್ನೇ ತೋರಿಸಿತು.

ಒಂದು ಬೆಳಿಗ್ಗೆ ಅರವತ್ತು ತೋರಿಸಿದಾಗ ಇಬ್ಬರೂ ಯಂತ್ರವನ್ನೇ ಅನುಮಾನಿಸಿದರು. "ಸೆಲ್ ಹೋಗಿದೆ ಕಣೋ," ಎಂದ ಅಣ್ಣ. ಸೆಲ್ ಬದಲಾಯಿಸಿದರು. ಮುಂದಿನ ವಾರ ಐವತ್ತೆಂಟು. ಸೆಲ್ಲಿನ ಸಣ್ಣ ಸಂಕೇತವನ್ನು ದೊಡ್ಡದು ಮಾಡುವ ಬೋರ್ಡು ಬದಲಾಯಿಸಿದರು, ವೈರು ಬದಲಾಯಿಸಿದರು, ಕೊನೆಗೆ ಕಂಪ್ಯೂಟರನ್ನೂ ಬದಲಾಯಿಸಿದರು. ಐವತ್ತೈದು. ಅಣ್ಣ ಹೊರಗೆ ಹೋಗಿದ್ದ ಒಂದು ಮಧ್ಯಾಹ್ನ ತಮ್ಮ ಇಪ್ಪತ್ತು ಕಿಲೋದ ಕಬ್ಬಿಣದ ಬಿಲ್ಲೆಯನ್ನು ಪೆಡಲಿನ ಮೇಲೆ ಇಟ್ಟು ನೋಡಿದ. ಇಪ್ಪತ್ತು. ಎರಡು ಇಟ್ಟ. ನಲವತ್ತು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಒಂದೊಂದೇ ಭಾಗ ಬದಲಾಯಿಸುತ್ತ ಹೋಗಿ ದೋಷ ಹಿಡಿಯುವುದು ಅವರ ಕಸುಬು. ಬದಲಾಯಿಸದೆ ಉಳಿದಿದ್ದುದು ಈಗ ಒಂದೇ ಭಾಗ.

ನರದ ಕಾಯಿಲೆ ಎಂದರು ಡಾಕ್ಟರು. ಕಾಲಿನಲ್ಲಿ ಶುರುವಾಗುತ್ತದೆ, ಕಾಲಿನಲ್ಲಿ ನಿಲ್ಲುವುದಿಲ್ಲ. ನಿಧಾನ ಮಾಡಲು ಒಂದು ಮಾತ್ರೆ ಇದೆ, ವಾಸಿ ಮಾಡಲು ಏನೂ ಇಲ್ಲ. ಅಂಗೈಗೆ ಪಾದ ಒತ್ತಿಸಿಕೊಂಡು ಶಕ್ತಿ ಐದಕ್ಕೆ ನಾಲ್ಕು ಎಂದು ಬರೆದರು. ಹೊರಗೆ ಬಂದ ಅಣ್ಣನಿಗೆ ಕಾಯಿಲೆಗಿಂತ ಆ ಅಂಕಿಯೇ ಹೆಚ್ಚು ಚುಚ್ಚಿದಂತಿತ್ತು. "ಐದಕ್ಕೆ ನಾಲ್ಕಂತೆ. ಕಾಪಿ ಬರೆದಿದ್ದಕ್ಕೆ ಮೇಷ್ಟ್ರು ಕೊಟ್ಟ ಹಂಗೆ," ಎಂದ. ಮರುದಿನ ಗ್ರಾಫ್ ಹಾಳೆ ತಂದು ಅಂಗಡಿಯ ಗೋಡೆಗೆ ಅಂಟಿಸಿದ. ಪ್ರತಿ ತಿಂಗಳ ಒಂದನೇ ತಾರೀಕು ಒತ್ತುವುದು, ಬಂದ ಅಂಕಿಗೆ ಒಂದು ಚುಕ್ಕೆ ಇಡುವುದು. ಗಿರಾಕಿಗಳ ಪೆಡಲ್‌ಗಳನ್ನು ಅಂದಿನಿಂದ ತಮ್ಮ ಬಿಲ್ಲೆಗಳನ್ನಿಟ್ಟು ಪರೀಕ್ಷಿಸತೊಡಗಿದ. ಮೂಲೆಯ ಸೀಟಿಗೆ ಬಿಗಿದಿದ್ದ ಪೆಡಲ್ ಮಾತ್ರ ಅಣ್ಣನ ಕಾಲಿಗೇ ಮೀಸಲಾಯಿತು.

ಹಾಳೆಯ ಮೇಲೆ ಮೂವತ್ತರ ಮಟ್ಟದಲ್ಲಿ ಅಣ್ಣ ಒಂದು ಕೆಂಪು ಗೆರೆ ಎಳೆದಿದ್ದ. ಅದೂ ಅಂದಾಜಿನದಲ್ಲ. ಅವರ ಹಳೆಯ ವ್ಯಾನಿಗೆ ಕಾಲಿನ ಭಾರವನ್ನು ಹೆಚ್ಚಿಸಿಕೊಡುವ ಬೂಸ್ಟರ್ ಇರಲಿಲ್ಲ. ಅಂಗಡಿಯ ಹಿಂದೆ, ಶೆಡ್ಡಿಗೆ ಇಳಿಯುವ ಇಳಿಜಾರಿನಲ್ಲಿ ಅದನ್ನು ನಿಲ್ಲಿಸಲು ಎಷ್ಟು ಕಿಲೋ ಬೇಕೆಂದು ವ್ಯಾನಿನ ಬ್ರೇಕಿಗೇ ಒಂದು ಲೋಡ್ ಸೆಲ್ ಕಟ್ಟಿ ಅಳೆದಿದ್ದ. ಇಪ್ಪತ್ತೇಳಕ್ಕೆ ನಿಂತಿತ್ತು. ಮೇಲೆ ಮೂರು ಕಿಲೋ ಎಚ್ಚರಿಕೆಗೆ.

"ಇದರ ಕೆಳಗೆ ಬಂದ ದಿನ ವ್ಯಾನಿನ ಕೀಲಿ ನಿನ್ನ ಕೈಗೆ. ಕೇಳೋದೂ ಬೇಡ, ನಾನೇ ಕೊಡ್ತೀನಿ," ಎಂದಿದ್ದ ತಮ್ಮನಿಗೆ. "ಅಂಕಿ ಒಂದು ನೆಟ್ಟಗೆ ಹೇಳ್ತಿರು, ಸಾಕು."

ಐವತ್ತೆರಡು. ನಲವತ್ತೇಳು. ನಲವತ್ತು. ಮೂವತ್ತೈದು.

ಮೂವತ್ತೈದು ಬಂದ ತಿಂಗಳು ಅಣ್ಣ ಊಟ ಬಿಟ್ಟ. ಎರಡು ತುತ್ತಿಗೆ ಕೈ ತೊಳೆದು ಎದ್ದುಹೋಗುತ್ತಿದ್ದ. ಅತ್ತಿಗೆ ಒಂದು ಹೊಲಿಗೆ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಕೆಲಸದವಳು. ಬೆಳಿಗ್ಗೆ ಅವಳನ್ನು ಗೇಟಿಗೆ ಬಿಡುವುದು, ಸಂಜೆ ಕರೆತರುವುದು ಅಣ್ಣನ ವ್ಯಾನು. ಮದುವೆಯಾದಾಗಿನಿಂದ ಅದು ತಪ್ಪಿರಲಿಲ್ಲ. ಬಸ್ಸಿನಲ್ಲಿ ಹೋಗುತ್ತೇನೆ ಎಂದು ಅವಳು ಒಮ್ಮೆ ಅಂದದ್ದಕ್ಕೆ ಅಣ್ಣ ಎರಡು ದಿನ ಮಾತು ಬಿಟ್ಟಿದ್ದ. ತಿಂಗಳ ಕೊನೆಯಲ್ಲಿ ಅವಳು ಅಂಗಡಿಗೆ ಬಂದು, ಅಣ್ಣ ಒಳಗಿದ್ದಾಗ, ತಮ್ಮನಿಗೆ ಹೇಳಿದಳು: "ಆ ಅಂಕಿ ಒಂದೇ ಒಂದು ತಿಂಗಳು ಇಳೀದೆ ನಿಂತ್ಕೊಂಡ್ರೆ ಸಾಕಪ್ಪ. ಆ ಮನುಷ್ಯ ಎರಡು ಹೊತ್ತು ಉಣ್ತಾರೆ."

ಅವಳು ಏನನ್ನೂ ಮಾಡು ಎಂದು ಹೇಳಿರಲಿಲ್ಲ. ಹರಕೆಯ ಹಾಗೆ ಗೋಡೆಗೆ ಹೇಳಿಕೊಂಡ ಮಾತು ಅದು. ತಮ್ಮ ಅದನ್ನು ಆರ್ಡರಿನ ಹಾಗೆ ತೆಗೆದುಕೊಂಡ.

ಪರದೆಯ ಹಿಂದಿನ ಸೆಟ್ಟಿಂಗಿನಲ್ಲಿ ಒಂದು ಅಂಕಿ ಇರುತ್ತದೆ: ಸೆಲ್ ಕಳಿಸಿದ ಭಾರವನ್ನು ಎಷ್ಟರಿಂದ ಗುಣಿಸಿ ತೋರಿಸಬೇಕು ಎಂಬುದು. ಪ್ರಾಮಾಣಿಕ ಯಂತ್ರದಲ್ಲಿ ಅದು ಒಂದು. ಒಂದನೇ ತಾರೀಕಿನ ಬೆಳಿಗ್ಗೆ, ಅಣ್ಣ ಬರುವ ಮುಂಚೆ, ತಮ್ಮ ಅದನ್ನು ಒಂದು ಪಾಯಿಂಟ್ ಎರಡು ಮಾಡಿದ. ಅಣ್ಣ ಹಲ್ಲು ಕಚ್ಚಿ ಒತ್ತಿದ. ಪರದೆ ಮೂವತ್ತಮೂರೂವರೆ ದಾಟಿ ನಿಂತಿತು. ನಿಜವಾದದ್ದು ಇಪ್ಪತ್ತೆಂಟು ಎಂದು ತಮ್ಮ ಮನಸ್ಸಿನಲ್ಲೇ ಭಾಗಿಸಿಕೊಂಡ.

ಅಣ್ಣ ಚುಕ್ಕೆ ಇಟ್ಟು ಹಿಂದೆ ಸರಿದು ನೋಡಿದ. "ಐದೈದು ಇಳೀತಿದ್ದದ್ದು ಒಂದೂವರೆಗೆ ಬಂತು," ಎಂದ. "ಮಾತ್ರೆ ಹಿಡೀತು ಕಣೋ." ಅಂದು ಮಧ್ಯಾಹ್ನ ಬುತ್ತಿ ಖಾಲಿ ಮಾಡಿದ್ದಲ್ಲದೆ ತಮ್ಮನದಕ್ಕೂ ಕೈ ಹಾಕಿದ.

ಮುಂದಿನ ತಿಂಗಳಿಗೆ ಒಂದೂವರೆ ಬೇಕಾಯಿತು. ಪರದೆ ಮೂವತ್ತಮೂರು ತೋರಿಸಿತು. ನಿಜ ಇಪ್ಪತ್ತೆರಡು. ವ್ಯಾನನ್ನು ನಿಲ್ಲಿಸಲು ಬೇಕಾದ್ದಕ್ಕಿಂತ ಐದು ಕಿಲೋ ಕಡಿಮೆ.

ತಮ್ಮ ಅಷ್ಟು ದಡ್ಡನಾಗಿರಲಿಲ್ಲ. ಅಂಕಿಯನ್ನು ನಿಲ್ಲಿಸಿದವನು ವ್ಯಾನನ್ನೂ ನಿಲ್ಲಿಸಬೇಕಲ್ಲ. ಬ್ರೇಕ್ ಕೀಚಲು ಸದ್ದು ಮಾಡುತ್ತಿದೆ ಎಂದು ನೆಪ ಹೇಳಿ ಅದೇ ದಿನ ವ್ಯಾನನ್ನು ಬೀದಿಯ ಕೊನೆಯ ಮೆಕ್ಯಾನಿಕ್ಕಿನ ಹತ್ತಿರ ಬಿಟ್ಟುಬಂದ. ಮೆಕ್ಯಾನಿಕ್ ವಯಸ್ಸಾದವನು. ಒಂದು ವಾರದ ಕೆಲಸವನ್ನು ಒಂದು ತಿಂಗಳು ಎಳೆಯುವುದರಲ್ಲಿ ಬೀದಿಗೆಲ್ಲ ಹೆಸರುವಾಸಿ. ಅವಸರವೇನಿಲ್ಲ, ನಿಧಾನಕ್ಕೆ ಮಾಡಿ ಎಂದು ತಮ್ಮ ಎರಡು ಸಲ ಹೇಳಿದ. ಆದರೆ ಮೆಕ್ಯಾನಿಕ್ಕಿಗೆ ಅಣ್ಣನ ಕಾಯಿಲೆಯ ಸುದ್ದಿ ಗೊತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ಅವನು ಬೇರೆಯವರ ಕೆಲಸ ಪಕ್ಕಕ್ಕಿಟ್ಟು, ಹೊಸ ಬ್ರೇಕ್ ಪಟ್ಟಿ ಕೂರಿಸಿ, ಬ್ರೇಕ್ ಎಣ್ಣೆ ಬದಲಾಯಿಸಿ, ನಾಲ್ಕೇ ದಿನದಲ್ಲಿ ವ್ಯಾನನ್ನು ತಾನೇ ಓಡಿಸಿಕೊಂಡು ಬಂದು ಕೀಲಿಯನ್ನು ಅಣ್ಣನ ಕೈಯಲ್ಲಿಟ್ಟ. ತಮ್ಮ ಆಗ ಬಿಡಿಭಾಗ ತರಲು ಪರವೂರಿಗೆ ಹೋಗಿದ್ದ, ಮರುದಿನ ರಾತ್ರಿಯವರೆಗೆ ಬರುವಂತಿರಲಿಲ್ಲ.

ಮರುದಿನ ಸಂಜೆ ಅಣ್ಣ ಅತ್ತಿಗೆಯನ್ನು ಕಾರ್ಖಾನೆಯಿಂದ ಕರೆತಂದ. ರಸ್ತೆ ಸಪಾಟಾಗಿತ್ತು, ಏನೂ ಆಗಲಿಲ್ಲ. ವ್ಯಾನನ್ನು ಹಿಮ್ಮುಖವಾಗಿ ಶೆಡ್ಡಿಗೆ ಇಳಿಸಬೇಕು. ಅತ್ತಿಗೆ ಎಂದಿನಂತೆ ಇಳಿದು, ಶೆಡ್ಡಿನ ಗೋಡೆಯ ಹತ್ತಿರ ನಿಂತು, ಬರಲಿ, ಬರಲಿ ಎಂದು ಕೈ ಆಡಿಸಿದಳು. ಆಮೇಲೆ ಸಾಕು ಎಂದಳು. ಇನ್ನೊಮ್ಮೆ ಸಾಕು ಎಂದಳು. ಅಣ್ಣ ಇದ್ದಬದ್ದ ಶಕ್ತಿಯನ್ನೆಲ್ಲ ಕಾಲಿಗೆ ಹಾಕಿದ. ವ್ಯಾನು ನಿಧಾನವಾಯಿತು, ನಿಲ್ಲಲಿಲ್ಲ. ಕೈ ಬ್ರೇಕ್ ನೆನಪಾಗಿ ಎಳೆಯುವ ಹೊತ್ತಿಗೆ ಅವಳು ಗೋಡೆಗೂ ವ್ಯಾನಿಗೂ ನಡುವೆ ಇದ್ದಳು.

ಸೊಂಟದ ಎಲುಬು ಮೂರು ಕಡೆ ಮುರಿದಿತ್ತು. ಜೀವಕ್ಕೆ ಅಪಾಯವಿಲ್ಲ, ನಡೆಯುವ ಮಾತು ಮುಂದೆ ನೋಡೋಣ ಎಂದರು ಡಾಕ್ಟರು. ಅಣ್ಣನನ್ನು ನಾಳೆ ಎತ್ತಿ ಕೂರಿಸಬೇಕಾದವಳು ತಾನೇ ಮಗ್ಗುಲು ಬದಲಿಸಲಾರದೆ ಮಲಗಿದಳು.

ಅಣ್ಣ ಅಳಲಿಲ್ಲ. ದೋಷ ಹುಡುಕಿದ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಬೆರಳು ಮಡಿಸಿ ಲೆಕ್ಕ ಹಾಕಿದ: ನಿಲ್ಲಲು ಬೇಕಾದ್ದು ಇಪ್ಪತ್ತೇಳು, ತನ್ನ ಕಾಲಿನದು ಮೂವತ್ತಮೂರು, ಅದಕ್ಕೆ ಐದು ದಿನದ ಹಿಂದಿನ ಪುರಾವೆ ಗೋಡೆಯ ಮೇಲಿದೆ. ಅಂದರೆ ಕಾಲು ಸರಿ, ಬ್ರೇಕ್ ಸರಿಯಿಲ್ಲ. ಬ್ರೇಕ್ ಬಿಚ್ಚಿದವನು ಒಬ್ಬನೇ.

ಬೀದಿಯವರಿಗೆಲ್ಲ ಹಾಗೆಯೇ ಹೇಳಿದ. ಮೆಕ್ಯಾನಿಕ್ಕಿನ ಶೆಡ್ಡಿನಲ್ಲಿ ನಿಂತಿದ್ದ ಎರಡು ಗಾಡಿಗಳನ್ನು ಯಜಮಾನರು ಬಂದು ತಳ್ಳಿಕೊಂಡು ಹೋದರು. ತಮ್ಮನಿಗೆ ಬಾಯಿಬಿಡಲು ದಿನಕ್ಕೆ ಹತ್ತು ಸಲ ಅವಕಾಶವಿತ್ತು. ಆಸ್ಪತ್ರೆಯ ಮೆಟ್ಟಿಲಲ್ಲಿ ಇತ್ತು, ಬಸ್ಸಿನಲ್ಲಿ ಇತ್ತು. ಅತ್ತಿಗೆಗೆ ಗಂಜಿ ಕುಡಿಸುವಾಗ ಎದುರಿಗೇ ಇತ್ತು. ನಾಲಿಗೆ ಏಳಲಿಲ್ಲ. ಅಣ್ಣನಿಗೆ ಉಳಿದಿದ್ದುದು ಆ ಮೂವತ್ತಮೂರೊಂದೇ. ಅದನ್ನೂ ಕಿತ್ತುಕೊಂಡರೆ, ಹೆಂಡತಿಯನ್ನು ಗೋಡೆಗೆ ಒತ್ತಿದ್ದು ಅವನದೇ ಕಾಲು ಎಂದಾಗುತ್ತದೆ.

ಮುಂದಿನ ಒಂದನೇ ತಾರೀಕಿನ ಬೆಳಿಗ್ಗೆ ಮೆಕ್ಯಾನಿಕ್ ಅಂಗಡಿಯ ಬಾಗಿಲಿಗೆ ಬಂದ. ಒಳಗೆ ಕಾಲಿಡಲಿಲ್ಲ. ವ್ಯಾನಿನ ಬ್ರೇಕನ್ನು ನಾಲ್ಕು ಸಲ ಬಿಚ್ಚಿ ನೋಡಿದೆನೆಂದೂ ನಾಲ್ಕು ಸಲವೂ ಏನೂ ಸಿಗಲಿಲ್ಲವೆಂದೂ ಹೇಳಿದ. ಆಮೇಲೆ ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ.

"ಬ್ರೇಕ್ ಪೈಪಲ್ಲಿ ಗಾಳಿ ಉಳಿಸಿಬಿಟ್ಟಿರಬೇಕು ನಾನು, ತಮ್ಮಾ. ಗಾಳಿ ಇದ್ರೆ ಬ್ರೇಕ್ ಹಿಡಿಯಲ್ಲ. ಅವಸರ ಮಾಡಿದ್ನಲ್ಲ. ನಿಮ್ಮಣ್ಣ ಕಂಪ್ಲೇಂಟ್ ಬರೀತಾನಂತೆ. ಬರೀಲಿ, ಒಪ್ಕೊಂಡು ಸೈನ್ ಹಾಕ್ತೀನಿ. ಆ ತಾಯಿ ಮುಖ ನನಗೆ ಕಣ್ಣು ಮುಚ್ಚಿದ್ರೂ ಬರ್ತದೆ."

"ನಿಮ್ಮದೇನೂ ತಪ್ಪಿಲ್ಲ," ಎಂದ ತಮ್ಮ.

"ನೀನು ಒಳ್ಳೇವನು, ಹಂಗಂತೀಯ," ಎಂದು ಅವನು ಹೊರಟುಹೋದ.

ಹತ್ತು ಗಂಟೆಗೆ ಅಣ್ಣ ಕೋಲೂರಿಕೊಂಡು ಬಂದ. ಬಂದವನೇ ಗೋಡೆಯ ಹಾಳೆಯನ್ನು ಮೂಲೆ ಹರಿಯದಂತೆ ಬ್ಲೇಡಿನಿಂದ ಬಿಡಿಸತೊಡಗಿದ. ಇವತ್ತಿನ ಚುಕ್ಕೆಯನ್ನೂ ಇಟ್ಟು, ಕಂಪ್ಲೇಂಟಿನ ಜೊತೆಗೆ ಪೊಲೀಸರಿಗೆ ಕೊಡುವುದಂತೆ. ಕಾಲು ನೆಟ್ಟಗಿತ್ತೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಏನು ಬೇಕು ಎಂದ. ಆಮೇಲೆ ಎರಡೂ ಕೈಯಿಂದ ಬಲತೊಡೆಯನ್ನೆತ್ತಿ ಪಾದವನ್ನು ಪೆಡಲಿನ ಹತ್ತಿರ ಇಟ್ಟುಕೊಂಡು ಸೀಟಿನಲ್ಲಿ ಕುಳಿತ.

ಈ ಸಲ ಎರಡರಿಂದ ಗುಣಿಸಬೇಕಿತ್ತು. ತಮ್ಮ ಲೆಕ್ಕ ಹಾಕಿಕೊಂಡೇ ಬಂದಿದ್ದ. ಹೋದ ತಿಂಗಳ ಒಂದೂವರೆ ಇನ್ನೂ ಹಾಗೇ ಇತ್ತು, ಬೆರಳು ಕೀಬೋರ್ಡಿನ ಮೇಲಿತ್ತು. ಅವನು ಬೆರಳು ತೆಗೆದು, ಮೇಜಿನ ಕೆಳಗೆ ಬಗ್ಗಿ, ಇಪ್ಪತ್ತು ಕಿಲೋದ ಬಿಲ್ಲೆಯನ್ನು ಎತ್ತಿಕೊಂಡು ಬಂದು, ಅಣ್ಣನ ಪಾದವನ್ನು ಮೆಲ್ಲಗೆ ಬದಿಗೆ ಸರಿಸಿ, ಅದನ್ನು ಪೆಡಲಿನ ಮೇಲೆ ಇಟ್ಟ.

ಪರದೆ ಮೂವತ್ತು ತೋರಿಸಿತು.

ಅಣ್ಣ ಪರದೆ ನೋಡಿದ. ಬಿಲ್ಲೆಯ ಮೇಲೆ ಅಚ್ಚೊತ್ತಿದ್ದ ಇಪ್ಪತ್ತನ್ನು ನೋಡಿದ.

"ಸೆಲ್ ಹೋಗಿದೆ," ಎಂದ.

"ಇಲ್ಲಣ್ಣ."

ಬೀದಿಯಲ್ಲಿ ಯಾರೋ ಶಟರ್ ಎತ್ತಿದ ಸದ್ದಾಯಿತು. ಅಣ್ಣ ಬಿಲ್ಲೆಯ ಮೇಲೆ ಅಂಗೈ ಇಟ್ಟ, ಅದು ನಿಜವಾಗಿಯೂ ಅಲ್ಲಿದೆಯೇ ಎಂದು ನೋಡುವವನಂತೆ.

"ಯಾವ ತಿಂಗಳಿಂದ?"

ತಮ್ಮ ಹೇಳಿದ. ಹೋದ ತಿಂಗಳು ಒಂದೂವರೆ, ಅದರ ಹಿಂದಿನದಕ್ಕೆ ಒಂದು ಪಾಯಿಂಟ್ ಎರಡು, ಅದಕ್ಕೂ ಹಿಂದಿನವೆಲ್ಲ ಸರಿ. ಯಾಕೆ ಎಂದು ಅಣ್ಣ ಕೇಳುತ್ತಾನೆಂದು ಕಾದ. ಅಣ್ಣ ಕೇಳಲಿಲ್ಲ. ಹಾಳೆಯನ್ನು ತೊಡೆಯ ಮೇಲೆ ಹರಡಿಕೊಂಡು ಪೆನ್ನು ಕೇಳಿದ. ಕೊನೆಯ ಎರಡು ಚುಕ್ಕೆಗಳನ್ನು ಹೊಡೆದುಹಾಕಿ, ಬಾಯಲ್ಲೇ ಭಾಗಿಸಿ, ಇಪ್ಪತ್ತೆಂಟಕ್ಕೊಂದು, ಇಪ್ಪತ್ತೆರಡಕ್ಕೊಂದು ಇಟ್ಟ. ಎರಡೂ ಕೆಂಪು ಗೆರೆಯ ಕೆಳಗೆ ಬಿದ್ದವು.

"ಒಂದಕ್ಕೆ ತಾ," ಎಂದ ಪರದೆಯ ಕಡೆ ಗದ್ದ ತೋರಿಸಿ.

ತಮ್ಮ ಬಿಲ್ಲೆ ತೆಗೆದು, ಸೆಟ್ಟಿಂಗನ್ನು ಒಂದಕ್ಕೆ ತಂದ. ಅಣ್ಣ ಒತ್ತಿದ. ಕುತ್ತಿಗೆಯ ನರ ಉಬ್ಬಿತು, ಸೀಟು ಕಿರುಗುಟ್ಟಿತು. ಹದಿನಾರು.

ಆ ಚುಕ್ಕೆಯನ್ನೂ ಇಟ್ಟು ಅಣ್ಣ ಸ್ಟೀಲಿನ ಅಳತೆಪಟ್ಟಿಯನ್ನು ಹಾಳೆಯ ಮೇಲೆ ಓರೆಯಾಗಿ ಕೂರಿಸಿದ. ಮೊದಲ ಐವತ್ತೆರಡರಿಂದ ಇವತ್ತಿನವರೆಗೆ ಏಳೂ ಚುಕ್ಕೆಗಳು ಅದರ ಅಂಚಿಗೆ ಸಾಲಾಗಿ ನಿಂತವು. ಪಟ್ಟಿಯ ಕೆಳತುದಿ ಸೊನ್ನೆಯ ಗೆರೆಯನ್ನು ಮುಟ್ಟಿದ ಕಡೆ ಪೆನ್ನಿನಿಂದ ಒಂದು ಗುರುತು ಮಾಡಿದ. ಇನ್ನು ಮೂರು ತಿಂಗಳೂ ಇರಲಿಲ್ಲ.

"ನಾನು ನಿನ್ನ ಕೇಳಿದ್ದು ಒಂದು ಅಂಕಿ," ಎಂದ. ದನಿ ಏರಿರಲಿಲ್ಲ. "ಹೋಗಿ ಮೊದಲು ಆ ಮನುಷ್ಯನಿಗೆ ಹೇಳಿ ಬಾ."

ತಮ್ಮ ಹೊರಡುವಷ್ಟರಲ್ಲಿ ಮೇಜಿನ ಮೇಲಿದ್ದ ಅಣ್ಣನ ಫೋನು ಬಡಿದುಕೊಂಡಿತು. ವಾರ್ಡಿನಲ್ಲಿ ಬೆಳಗಿನ ಔಷಧಿ ಮುಗಿದ ಮೇಲೆ ಅತ್ತಿಗೆ ದಿನವೂ ಮಾಡುವ ಫೋನು. ಅಣ್ಣ ಕಿವಿಗೆ ಹಿಡಿದು ಕೇಳಿಸಿಕೊಂಡ. ಅವಳ ದನಿ ತಮ್ಮನಿಗೂ ಕೇಳುತ್ತಿತ್ತು: ನೋವು ಹಾಗೇ ಇದೆಯಂತೆ, ಗಂಜಿ ತಣ್ಣಗಿತ್ತಂತೆ. ಇವತ್ತು ಒಂದನೇ ತಾರೀಕಲ್ಲವೇ, ಎಷ್ಟು ಬಂತು?

ಅಣ್ಣ ಫೋನನ್ನು ತಮ್ಮನತ್ತ ಚಾಚಿದ. ತಮ್ಮ ತೆಗೆದುಕೊಳ್ಳಲಿಲ್ಲ. ಅಣ್ಣ ಚಾಚಿದ ಕೈಯನ್ನು ಹಿಂದಕ್ಕೆ ಎಳೆಯಲೂ ಇಲ್ಲ. ಅದು ನಡುಗತೊಡಗಿತ್ತು, ಅದೂ ಬಲಗೈಯೇ.

ತಮ್ಮ ಫೋನು ತೆಗೆದುಕೊಂಡ.

"ಹದಿನಾರು, ಅತ್ತಿಗೆ," ಎಂದ.

ಆ ಕಡೆಯಿಂದ ವಾರ್ಡಿನ ನೆಲದ ಮೇಲೆ ಯಾರೋ ಗಾಲಿಯ ಮೇಜೊಂದನ್ನು ತಳ್ಳಿಕೊಂಡು ಹೋಗುವ ಸದ್ದು ಮಾತ್ರ ಬಹಳ ಹೊತ್ತು ಕೇಳುತ್ತಲೇ ಇತ್ತು.